ಜಗಲಿಯಲ್ಲೇ ಮುಳುಗಿದ ದ್ವೀಪ

ಕೇಳಿ ಸ್ನೇಹಿತರೇ, ಇವತ್ತು ನನ್ನ ಅಕ್ಕನ ಮಗ ಚೆನ್ನಪ್ಪ ಹೊಸ ಹೆಂಡತಿಯೊಡನೆ ಮಲ್ಪೆಯಾಚೆಯ ದ್ವೀಪಕ್ಕೆ ಹೊರಟು ನಿಂತ. ಇದ್ದಿಲಿನಿಂದ ಓಡುವ ಬಸ್ಸು ಹೊಸಕೋಟೆ ದಾಟುವುದರೊಳಗೆ ವಾಂತಿ ಮಾಡುವ ಶೂರ!

"ಅಲ್ಲಿ ಜನಾನೇ ಇರಲ್ಲ ಮಾವ. ತೆಂಗಿನಮರ, ಮರಳು, ನಾವಿಬ್ರೇ," ಎಂದ.

ಅಕ್ಕ ಒಳಗಿನಿಂದ ಕೂಗಿದಳು: "ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದು ಕಣ್ಲಾ!"

"ಆವತ್ತು ಊರಿಗೂರೇ ಸ್ನಾನಕ್ಕೆ ಬರುತ್ತಲ್ಲವ್ವ!" ಎಂದು ಗೋಳಾಡಿದ.

ಬಾವಿಗೆ ತಲೆಕೆಳಗಾಗಿ ಹಾರುವ ಗಂಡು ಈ ತಾಲ್ಲೂಕಿನಲ್ಲಿ ನಾನೊಬ್ಬನೇ. ನೀರಿನ ವಿಚಾರ ನನ್ನನ್ನಲ್ಲದೆ ಇನ್ಯಾರನ್ನು ಕೇಳಬೇಕು? "ಲೇ, ಬೇರೆ ದಿನಾನೇ ಹೋಗು. ಸ್ನಾನಕ್ಕೆ ನಮ್ಮ ಬಾವಿ ನೀರು ಒಂದು ಕೊಡ ಹೊತ್ಕೊಂಡು ಹೋಗು," ಎಂದು ತಮಾಷೆ ಮಾಡಿದೆ. ಆ ಪೆದ್ದ ನಿಜವಾಗಿಯೂ ಕೊಡ ತರಲು ಎದ್ದ!

ಗಂಟು ಕಟ್ಟಿಕೊಂಡು ಕೂತಿದ್ದ ಅವನ ಹೆಂಡತಿ ಸಿಡಿದಳು: "ಕಾಲು ಅದ್ದಬಾರದ ಸಮುದ್ರ ನಂಗ್ಯಾಕೆ? ನಮ್ಮೂರ ಕೆರೇಲೇ ಅದ್ಕೊಳ್ತೀನಿ." ಅದೇ ಗಂಟು ಹೊತ್ತು ನಂದಗುಡಿಯ ತವರಿಗೆ ನಡೆದಳು. ಇವನು ಕೊಡ ಹಿಡಿದೇ ಅವಳ ಹಿಂದೆ ಓಡಿದ.

"ಥೂ, ಸೋದರಮಾವನ ಬುದ್ಧಿಯೇ ಬಂದೈತೆ!" ಎಂದು ಅಕ್ಕ ನನ್ನನ್ನೇ ಬೈದಳು.

ನನ್ನ ಬುದ್ಧಿ ಬಂದಿದ್ದರೆ ಅವ್ವನಿಗೆ ಹೇಳದೆ ಹೋಗಿಬರುತ್ತಿದ್ದ.