ಉರೈವಾನ್ ಅಕ್ಕನ ಮೂವತ್ತಾರು ರೋಗಿಗಳು

ಉರೈವಾನ್ ಅಕ್ಕ ಥಾಯ್ಲೆಂಡಿನ ನಮ್ಮ ಲೋಯಿ ಸೀಮೆಯ ಸಣ್ಣ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಇಪ್ಪತ್ತೇಳು ವರ್ಷದಿಂದ ನರ್ಸು. ನಾನು ಅಲ್ಲಿ ಆಂಬುಲೆನ್ಸ್ ಓಡಿಸುತ್ತೇನೆ. ಓದು ಮುಗಿಸಿದ ಹೊಸ ಡಾಕ್ಟರುಗಳು ವರ್ಷವರ್ಷವೂ ಬ್ಯಾಂಕಾಕಿನಿಂದ ಬರುತ್ತಾರೆ. ಅವರಿಗಾಗಿ ಅಕ್ಕ ಗ್ಲೂಕೋಸ್ ಬಾಟಲಿಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದು ಆಟ ಮಾಡಿದ್ದಳು. ಇಸ್ಪೀಟಿನಂಥ ಮೂವತ್ತಾರು ಎಲೆ, ಒಂದೊಂದು ಎಲೆಗೂ ಒಬ್ಬ ರೋಗಿ. ಮುಂದೆ ಅವನ ಸ್ಥಿತಿ; ಮೂರು ನಿಮಿಷದೊಳಗೆ ಯಾರೂ ನೋಡದಿದ್ದರೆ ಏನಾಗುತ್ತದೆಂಬುದು ಹಿಂದೆ. ಹಾಸಿಗೆ ಮಾತ್ರ ಮೂರೇ.

ಆ ವರ್ಷ ಬಂದವನು ಪವರಿತ್. ಇಪ್ಪತ್ತೈದರ ಚುರುಕು ಹುಡುಗ.

"ಆಸ್ಪತ್ರೇಲಿ ಇಸ್ಪೀಟಾ? ಪೊಲೀಸ್ರು ಬಂದ್ರೆ ಯಾರ್ನ ಹಿಡ್ಕೊಡ್ತೀರಾ ಅಕ್ಕಾ?"

"ಡ್ರೈವರನ್ನ," ಅಂದಳು ಅಕ್ಕ, ನನ್ನ ಕಡೆ ತೋರಿಸಿ. "ಕೂತ್ಕೊಳ್ಳಿ ಡಾಕ್ಟ್ರೇ. ಸೋತವ್ರು ಎಲ್ರಿಗೂ ಪಪ್ಪಾಯಿಕಾಯಿ ಕೋಸಂಬರಿ ತರಿಸ್ಬೇಕು."

ಗಡಿಯಾರ ಹಿಡಿಯುವ ಕೆಲಸ ನನ್ನದು. ಐದು ಎಲೆ ಬಿದ್ದವು. ಪವರಿತ್ ಮೊದಲು ಕಾಲು ಮುರಿದು ಕಿರುಚುತ್ತಿದ್ದವನ ಎಲೆಗೆ ಕೈಹಾಕಿದ, ಆಮೇಲೆ ಗದ್ದಲ ಮಾಡುತ್ತಿದ್ದ ಇನ್ನಿಬ್ಬರಿಗೆ ಹಾಸಿಗೆ ಕೊಟ್ಟ. ಮೂಲೆಯ ಎಲೆಯಲ್ಲಿ, ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಡಿದವನೊಬ್ಬ ಬೆವರುತ್ತ, ನನಗೇನೂ ಅವಸರವಿಲ್ಲ ಎಂದು ನೀರು ಕೇಳುತ್ತಿದ್ದ. ಮೂರು ನಿಮಿಷವಾಯಿತು. ಅಕ್ಕ ಎಲೆ ಮಗುಚಿದಳು. ಹೊಟ್ಟೆಯೊಳಗೆ ರಕ್ತ ಸೋರಿ ಅವನು ಸತ್ತಿದ್ದ.

"ಇದು ಮೋಸ. ಅಷ್ಟು ನೋವಿದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತು!"

ಅಕ್ಕ ತಲೆಯೆತ್ತದೆ ಎಲೆ ಕೂಡಿಸುತ್ತ ಹೇಳಿದಳು: "ನನಗೂ ಹೇಳ್ಲಿಲ್ಲ ಡಾಕ್ಟ್ರೇ. ಇಪ್ಪತ್ತು ವರ್ಷ ಆಯ್ತು. ಆ ಬಾಗಿಲ ಪಕ್ಕದ ಬೆಂಚಲ್ಲೇ ಕೂತಿದ್ದ. 'ಸ್ವಲ್ಪ ಕಾಯಪ್ಪ' ಅಂದೋಳು ನಾನೇ."

ಹತ್ತು ವರ್ಷ ಜೊತೆಗೆ ದುಡಿದ ನನಗೂ ಅದು ಗೊತ್ತಿರಲಿಲ್ಲ. ಪವರಿತ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದಾಟ ಹಾಕಿ ಅಕ್ಕಾ."

ಆಮೇಲೆ ಪ್ರತಿ ಬುಧವಾರ ಮಧ್ಯಾಹ್ನ ಆಟ. ಅವನು ಸೋಲುತ್ತಿದ್ದ, ನಾವು ತಿನ್ನುತ್ತಿದ್ದೆವು. ನಾಲ್ಕು ತಿಂಗಳಾಗುವಷ್ಟರಲ್ಲಿ ಕೋಸಂಬರಿ ಅಪರೂಪವಾಯಿತು.

ಜನವರಿಯಲ್ಲಿ ಕಬ್ಬು ಕಡಿಯುವವರ ಪಿಕಪ್ ಮಗುಚಿತು. ಒಂಬತ್ತು ಜನ. ಪವರಿತ್ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ನಾಡಿ ಮುಟ್ಟಿ, ಮುಖ ನೋಡಿ, ಯಾರು ಮೊದಲು ಯಾರು ಆಮೇಲೆ ಎಂದು ಹೇಳುತ್ತ ಹೋದ. ದನಿ ಏರಲಿಲ್ಲ. ಇಬ್ಬರನ್ನು ಪ್ರಾಂತದ ದೊಡ್ಡಾಸ್ಪತ್ರೆಗೆ ಕಳಿಸಿದ. ಒಂಬತ್ತೂ ಜನ ಉಳಿದರು.

ಸಂಜೆ ಪವರಿತ್ ಕೈ ತೊಳೆದು ಹೊರಗೆ ಬಂದಾಗ, ಮುದುಕಿಯೊಬ್ಬಳು ಗೋಡೆಗೊರಗಿ ಕೂತಿದ್ದಳು. ಮಗ ಎಲ್ಲಿದ್ದಾನೆಂದು ಕೇಳುತ್ತ ಕೇಳುತ್ತ ಮೂರು ತಾಸಿನಿಂದ ಅಲ್ಲೇ ಇದ್ದಳು. ದೊಡ್ಡಾಸ್ಪತ್ರೆಗೆ ಹೋದವರಲ್ಲಿ ಒಬ್ಬ ಅವಳ ಮಗ. ಬದುಕಿದ್ದಾನೆಂದು ಯಾರೂ ಹೇಳಿರಲಿಲ್ಲ.

ಪವರಿತ್ ಅವಳ ಮುಂದೆ ಮಂಡಿಯೂರಿ ಕೈಮುಗಿದ. "ತಪ್ಪಾಯ್ತಜ್ಜೀ. ಮಗ ಚೆನ್ನಾಗಿದಾನೆ. ನಮ್ಮ ಡ್ರೈವರು ಈಗ್ಲೇ ಅವನ ಹತ್ರ ಕರ್ಕೊಂಡ್ ಹೋಗ್ತಾರೆ." ಅಜ್ಜಿ ಅಳಲಿಲ್ಲ, ಅವನ ತಲೆ ಸವರಿ, "ಊಟ ಮಾಡಿದ್ಯಾ ಮಗಾ?" ಅಂದಳು.

ನಾನು ಅಜ್ಜಿಯನ್ನು ಕರೆದೊಯ್ಯಲು ಗಾಡಿ ತೆಗೆದೆ. ಪವರಿತ್ ಅಕ್ಕನಿಗೆ ಹೇಳುವುದು ಕೇಳಿಸಿತು:

"ನಿಮ್ಮಾಟದಲ್ಲಿ ರೋಗಿಗಳಿದಾರೆ, ಮನೆಯವ್ರೇ ಇಲ್ಲ ಅಕ್ಕಾ."

"ಹೌದಲ್ಲಾ! ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ."

ಮುಂದಿನ ಬುಧವಾರ ಪವರಿತ್ ತಾನೇ ಹನ್ನೆರಡು ಹೊಸ ಎಲೆ ಬರೆದು ತಂದ: ಹೆಂಡತಿ, ಅಪ್ಪ, ಕುಡಿದು ಬಂದ ಭಾವಮೈದುನ. ಅಕ್ಕ ಕನ್ನಡಕ ಏರಿಸಿ ಒಂದೊಂದನ್ನೇ ತಿರುಗಿಸಿ ನೋಡಿದಳು.

"ಡಾಕ್ಟ್ರೇ, ಈ ಅಕ್ಷರ ಓದೋಕೆ ಔಷಧಿ ಅಂಗಡಿಯವನ್ನ ಕರೀಲಾ?"