ಕುರ್ಚಿಯ ಮೇಲೆ ಅವ್ವನ ಪೂಜೆ

ಸೊಂಟದ ಕೀಲು ಬದಲಿಸಿಕೊಂಡ ಅವ್ವನನ್ನು ಹುಬ್ಬಳ್ಳಿಯಿಂದ ಕೊಪ್ಪಳದ ಮನೆಗೆ ಕರೆತರುವಾಗ ಡಾಕ್ಟರು ಒಂದು ಮಾತನ್ನು ಎರಡು ಸಲ ಹೇಳಿದ್ದರು: ನೆಲದ ಮೇಲೆ ಕೂರಬಾರದು, ಕೀಲು ಜಾರುತ್ತದೆ.

ಅವ್ವ ಲಿಂಗಪೂಜೆ ಆಗದೆ ಊಟ ಮಾಡಿದವಳಲ್ಲ. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರೇ ಪೂಜೆ. ಆಸ್ಪತ್ರೆಯಲ್ಲಿ ಹೇಗೋ ಉಂಡಿದ್ದಳು. ಮನೆಯಲ್ಲಿ ಒಪ್ಪಲಿಲ್ಲ. ಪೂಜೆ ನಿಂತಿತು, ಊಟವೂ ನಿಂತಿತು. ಮಾತ್ರೆಗೆಂದು ಹಾಲು, ಸಂಜೆ ಅರ್ಧ ಬಾಳೆಹಣ್ಣು. ಹೊಲಿಗೆ ಒಣಗಿತ್ತು, ವಾಕರ್ ಹಿಡಿದು ನಡೆಯಬೇಕಿತ್ತು. ಅವಳು ಗೋಡೆಯತ್ತ ಮುಖ ಹೊರಳಿಸಿ ಮಲಗಿರುತ್ತಿದ್ದಳು. "ಇನ್ನ ಯಾಕ ಬೇಕಪಾ" ಎಂದು ಒಮ್ಮೆ ಅಂದಳು, ಅಷ್ಟೇ.

ಮನೆಗೆ ಬಂದ ಹನ್ನೊಂದನೆಯ ಬೆಳಿಗ್ಗೆ ಹಾಲಿನ ಪಾಕೀಟು ಹಿಡಿದು ಒಳಗೆ ಬಂದೆ. ಅವ್ವ ಮಂಚದ ಕಾಲು ಹಿಡಿದು ನೆಲಕ್ಕೆ ಇಳಿಯುತ್ತಿದ್ದಳು. ಆಪರೇಷನ್ ಆದ ಕಾಲು ಅರ್ಧ ಮಡಚಿತ್ತು, ಇನ್ನೊಂದು ನಡುಗುತ್ತಿತ್ತು. ಕಂಕುಳಿಗೆ ಕೈಹಾಕಿ ಎತ್ತಿ ಮಂಚದ ಮೇಲೆ ಕೂರಿಸಿದೆ. ಅವಳಿಗೆ ಏನೂ ಆಗಿರಲಿಲ್ಲ. ಪಾಕೀಟು ಒಡೆದಿತ್ತು. ಹಾಲು ಒರೆಸಿದೆ. ಕಾರಟಗಿಯಲ್ಲಿದ್ದ ಅವ್ವನ ತಂಗಿಗೆ ಫೋನ್ ಮಾಡಿದೆ.

ಚಿಕ್ಕವ್ವ ಮಧ್ಯಾಹ್ನ ಬಂದವಳು ಚೀಲ ಕೆಳಗಿಡದೆ ಶುರು ಮಾಡಿದಳು.

"ಏನಕ್ಕಾ, ಮತ್ತೊಮ್ಮೆ ಹುಬ್ಬಳ್ಳಿ ನೋಡಬೇಕಂತ ಮಾಡೀಯೇನ?"

"ಕುರ್ಚಿ ಮ್ಯಾಲ ಕಾಲು ಇಳಿಬಿಟ್ಟು ಪೂಜಿ ಮಾಡ್ಲೇನ? ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ?" ಎಂದಳು ಅವ್ವ. ಮನೆಗೆ ಬಂದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದು.

"ಲಿಂಗ ಎಲ್ಲಿ ಇಟ್ಕೊಂತಿ?"

"ಅಂಗೈಯಾಗ."

"ಅಂಗೈಗೂ ಆಪರೇಷನ್ ಆಗೇತೇನ?"

ಅವ್ವ ಗೋಡೆಯತ್ತ ಮುಖ ತಿರುಗಿಸಿದಳು.

ಮರುದಿನ ಅವ್ವನಿಗೆ ಜಳಕ ಮಾಡಿಸಿ ಮಂಚದ ಮೇಲೆ ಬಿಟ್ಟು, ಚಿಕ್ಕವ್ವ ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿ ಎರಡಕ್ಕೂ ಕಂಬಳಿ ಹಾಸಿದಳು. ಅವಳ ಮೊಣಕಾಲು ಗಟ್ಟಿಯಾಗಿಯೇ ಇದ್ದವು, ನೆಲದ ಮೇಲೆ ಕೂರಬಲ್ಲವಳು. ಆದರೂ ಒಂದರ ಮೇಲೆ ತಾನು ಕೂತು, ಕಾಲು ಇಳಿಬಿಟ್ಟು, ಗಟ್ಟಿ ದನಿಯಲ್ಲಿ ಪೂಜೆ ಆರಂಭಿಸಿದಳು.

ಸ್ವಲ್ಪ ಹೊತ್ತಿಗೆ ವಾಕರಿನ ಸದ್ದು ಕೇಳಿತು. ನಾನು ಹಿಂದೆ ಹಿಂದೆ ನಡೆದೆ, ಮುಟ್ಟಲಿಲ್ಲ. ಮಂಚದಿಂದ ಕುರ್ಚಿಗೆ ಹದಿನಾಲ್ಕು ಹೆಜ್ಜೆ.

"ಕಾಲ ಕೆಳಗೂ ಒಂದು ಕಂಬಳಿ ಹಾಸು. ನೆಲಕ್ಕ ಹತ್ತಬಾರದು," ಎಂದಳು ಅವ್ವ. ಹಾಸಿದೆ. ವಿಭೂತಿ ಕೇಳಿದಳು, ಕೊಟ್ಟೆ.

ಅವತ್ತು ಚಿಕ್ಕವ್ವ ಬಡಿದ ರೊಟ್ಟಿ ಒಂದೂವರೆ ತಿಂದಳು. ಉಳಿದ ಅರ್ಧ ಯಾಕೆ ಬಿಟ್ಟೆ ಎಂದು ಕೇಳಿದೆ.

"ಇಕಿ ರೊಟ್ಟಿ ಭಾಳ ದಪ್ಪ," ಎಂದಳು.