ಬ್ಲ್ಯಾಂಕಿನಲ್ಲಿ ಬಂದ ಬಾಮು

ಯಾರಾದರೂ ಇಂಥ ಸಂಗತಿ ಹೇಳಲು ಶುರುಮಾಡಿದರೆ, "ಆವತ್ತು ನಿಮಗೆ ಜ್ವರ ಇತ್ತೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ನೀವೂ ನನ್ನನ್ನು ಹಾಗೇ ಕೇಳಬಹುದು. ಕೇಳಿ, ಬೇಸರವಿಲ್ಲ.

ನಾನು ಸನತ್‌ನಗರದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೇರೆ ಬೇರೆ ತಳಿಯ ಪುದೀನಾ ಬೆಳೆಸಿ ನಮಗೆ ಕಳಿಸುತ್ತಾರೆ. ಭಟ್ಟಿ ಇಳಿಸಿ ಎಣ್ಣೆ ತೆಗೆದು, ನೋವಿಗೆ ತಂಪು ಕೊಡುವ ಮೆಂಥಾಲ್ ಯಾವುದರಲ್ಲಿ ಎಷ್ಟಿದೆ ಎಂದು ಯಂತ್ರದಲ್ಲಿ ಅಳೆಯುವುದು ನನ್ನ ಕೆಲಸ. ಅಳೆಯುವ ಮೊದಲು ಎಣ್ಣೆ ಬೆರೆಸದ ಬರೀ ದ್ರಾವಕವನ್ನು ಒಮ್ಮೆ ಓಡಿಸಬೇಕು. ಅದಕ್ಕೆ ಬ್ಲ್ಯಾಂಕ್ ಅನ್ನುತ್ತೇವೆ. ಪರದೆಯ ಮೇಲೆ ಗೆರೆ ಸಪಾಟಾಗಿ ಬಂದರೆ ಎಲ್ಲ ಶುದ್ಧ. ಗುಡ್ಡದ ಹಾಗೆ ಎದ್ದರೆ ಏನೋ ಬೆರೆತಿದೆ ಎಂದರ್ಥ.

ನನ್ನ ಬಿಳಿ ಕೋಟು ಒಗೆದು ಮಡಿಚಿಡುವವರು ನಮ್ಮತ್ತೆ. ಕಲಬುರಗಿಯವರು, ದಿಲ್‌ಸುಖ್‌ನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಮೊಣಕಾಲು ನೋವಿಗೆ ದಿನಾ ಬಾಮು ತಿಕ್ಕಿಕೊಳ್ಳುತ್ತಿದ್ದರು. ಬಾಮಿನಲ್ಲೂ ಇರುವುದು ಮೆಂಥಾಲೇ, ಜೊತೆಗೆ ಕರ್ಪೂರ. ಒಂದು ದಿನ ಕೋಟಿನ ವಾಸನೆ ಹಿಡಿದು ನಮ್ಮ ಸಾಹೇಬರು ಎಲ್ಲರೆದುರು ಬೈದರು. ಇನ್ನೊಮ್ಮೆ ಹೀಗಾದರೆ ಯಂತ್ರ ಮುಟ್ಟಬೇಡ ಅಂದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಗೆ ಬಂದವಳೇ ಅತ್ತೆಗೆ ಬಾಮು ಬಿಟ್ಟುಬಿಡಿ ಅಂದೆ. ಅವರು ಅವತ್ತೇ ಸೀಸೆಯನ್ನು ಪಕ್ಕದ ಮನೆಯವರಿಗೆ ಕೊಟ್ಟರು. ಆಮೇಲೆ ಗೋಡೆ ಹಿಡಿದು ನಡೆಯತೊಡಗಿದರು. ನೋಡಿಯೂ ನೋಡದವಳ ಹಾಗಿದ್ದೆ.

ಅದಾಗಿ ತಿಂಗಳ ಮೇಲಾಗಿತ್ತು. ಅಷ್ಟೂ ದಿನ ಬ್ಲ್ಯಾಂಕ್ ಸಪಾಟಾಗೇ ಬರುತ್ತಿತ್ತು. ಒಂದು ಮಧ್ಯಾಹ್ನ ಬ್ಲ್ಯಾಂಕ್ ಓಡಿಸಿದರೆ ಗೆರೆ ಎದ್ದು ನಿಂತಿತು. ಮೊದಲು ಕರ್ಪೂರ, ಅದರ ಬೆನ್ನಿಗೇ ಮೆಂಥಾಲ್. ನಾವು ಅಳೆಯುತ್ತಿದ್ದ ಯಾವ ಪುದೀನಾದಲ್ಲೂ ಕರ್ಪೂರ ಇರಲಿಲ್ಲ. ಸೂಜಿ ತೊಳೆದೆ, ದ್ರಾವಕದ ಹೊಸ ಸೀಸೆ ತೆರೆದೆ, ಮತ್ತೆ ಓಡಿಸಿದೆ. ಮತ್ತೆ ಅದೇ. ಯಾರು ಬಾಮು ಹಚ್ಚಿಕೊಂಡು ಬಂದಿದ್ದೀರಿ ಎಂದು ಸಾಹೇಬರು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ದುಪಟ್ಟಾ ಮೂಸಿಕೊಂಡೆ. ಏನೂ ವಾಸನೆ ಇರಲಿಲ್ಲ. ಆದರೂ ಅತ್ತೆಯ ಮೇಲೆ ಸಿಟ್ಟು ನೆತ್ತಿಗೇರಿತು. ಕದ್ದು ಹಚ್ಚಿಕೊಂಡಿದ್ದಾರೆ, ಇನ್ನೇನು.

ಅರ್ಧ ದಿನ ರಜೆ ಹಾಕಿ ಮನೆಗೆ ಹೋದೆ. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು.

"ಅತ್ತಿ, ಕೈ ತೋರಸ್ರಿ" ಅಂದೆ.

"ನಾ ಹಚ್ಗೊಂಡಿಲ್ಲವ್ವಾ. ನೀ ಬ್ಯಾಡ ಅಂದ ಮ್ಯಾಲ ಹೆಂಗ ಹಚ್ಗೊಳ್ಳಲಿ?" ಅನ್ನುತ್ತಲೇ ಎರಡೂ ಕೈ ಚಾಚಿದರು.

ಬಗ್ಗಿ ಮೂಸಿದೆ. ಹೌದು, ಮೂಸಿದೆ. ಬರೀ ಜೋಳದ ಧೂಳಿನ ವಾಸನೆ. ಅಷ್ಟು ಸಾಲದೆಂದು ಮೊಣಕಾಲನ್ನೂ ತೋರಿಸಿ ಅಂದೆ. ಅವರು ಸೀರೆ ಸರಿಸಿದರು. ಮೊಣಕಾಲು ಬಾತು ಕೆಂಪಗಾಗಿತ್ತು. ನಾಚಿಕೆಯಿಂದ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಕೆಳಗಿಳಿದು ಅಂಗಡಿಯಿಂದ ಬಾಮು ತಂದು ನಾನೇ ತಿಕ್ಕಿದೆ. ಮರುದಿನ, ಎಷ್ಟು ತೊಳೆದರೂ ವಾಸನೆ ಬಿಡದ ಕೈಯಲ್ಲೇ ಲ್ಯಾಬಿಗೆ ಹೋದೆ, ಕೆಲಸ ಹೋದರೆ ಹೋಗಲಿ ಎಂದು. ಅದೇ ದ್ರಾವಕ, ಅದೇ ಯಂತ್ರ. ಗೆರೆ ಸಪಾಟು. ಇವತ್ತಿನವರೆಗೂ ಸಪಾಟು.

ಯಂತ್ರ ರಿಪೇರಿಯವರನ್ನು ಕೇಳಿದೆ. ಒಳಗೆಲ್ಲೋ ಹಳೆಯದು ಸಿಕ್ಕಿಕೊಂಡಿತ್ತೇನೋ ಅಂದರು. ಹಾಗಾದರೆ ನಡುವಿನ ಒಂದು ತಿಂಗಳು ಅದು ಎಲ್ಲಿತ್ತು? ಅತ್ತೆಗೆ ಹೇಳಿದರೆ, "ನಿನ್ನ ಮಷೀನಿಗೂ ಮೊಣಕಾಲು ನೋಯ್ತಿತ್ತೇನೋ ಬಿಡು" ಎಂದು ನಕ್ಕರು.

ಆ ನಗು ಕೇಳಿ, ಅವರು ಮರೆತಿದ್ದಾರೆ ಅಂದುಕೊಂಡೆ. ಮರೆತಿಲ್ಲ. ಈಗಲೂ ನನ್ನ ಕೋಟು ಮಡಿಚುವ ಮೊದಲು ಸೋಪು ಹಚ್ಚಿ ಕೈ ತೊಳೆದು ಬಂದು, ನಾನು ಕೇಳದಿದ್ದರೂ, ಎರಡೂ ಕೈ ನನ್ನ ಮೂಗಿನ ಮುಂದೆ ಹಿಡಿಯುತ್ತಾರೆ.